ಗಂಟೆಗೆ ನಲವತ್ತೊಂದು ಮೈಲಿ

"ನಿಧಾನ ಆರ್ಡಿ, ನಿಧಾನ. ಮುಂದೆ ಎಲ್ಲೋ ಹೊಂಚು ಹಾಕ್ಕೊಂಡು ಕೂತಿದಾನೆ ಪೊಲೀಸ್ ನನ್ಮಗ."

ಮುಂದಿನ ಗಾಜಿಗೆ ಅಂಟಿಸಿದ್ದ ಕಪ್ಪು ಪೆಟ್ಟಿಗೆ ಎರಡು ಸಲ ಕೀಚಲು ದನಿ ತೆಗೆದು ಸುಮ್ಮನಾಗಿತ್ತು. ವರ್ಲಿನ್ ಹ್ಯಾಸ್ಕೆಟ್ ಸೀಟಿನ ಅಂಚಿಗೆ ಸರಿದು, ಕಣ್ಣು ಕಿರಿದು ಮಾಡಿಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಬೇಟೆಗೆ ಹೊರಟವನ ಉತ್ಸಾಹ ಅವನ ಮುಖದಲ್ಲಿತ್ತು. ಆರ್ಡಿತ್ ವೇಗದ ಮುಳ್ಳಿನ ಕಡೆ ಕಣ್ಣು ಹಾಯಿಸಿದಳು. ನಲವತ್ತೈದು. ಎಂಬತ್ತು ಮೈಲಿಯಲ್ಲಿ ಹೋಗಲು ಅನುಮತಿ ಇದ್ದ ಹೆದ್ದಾರಿ ಅದು. ಹಿಂದಿನಿಂದ ಬಂದ ಲಾರಿಯೊಂದು ಉದ್ದಕ್ಕೆ ಹಾರ್ನ್ ಬಾರಿಸುತ್ತ ಪಕ್ಕದಿಂದ ನುಗ್ಗಿಹೋಯಿತು. ಅದರ ಗಾಳಿಗೆ ಕಾರು ಒಮ್ಮೆ ಓಲಾಡಿತು.

"ಆಯ್ತು, ಮಾಡ್ತೀನಿ" ಎಂದು ಆರ್ಡಿತ್ ಪೆಡಲಿನ ಮೇಲಿದ್ದ ಕಾಲನ್ನು ಇನ್ನಷ್ಟು ಸಡಿಲಿಸಿದಳು.

"ಹಂಗೆ! ಈಗ ಬರ್ಲಿ ನೋಡೋಣ."

ಬೆಳಗ್ಗೆ ಏಳಕ್ಕೆ ಶಯಾನ್ ಊರಿನ ಮೋಟೆಲಿನಿಂದ ಹೊರಟಿದ್ದರು. ಶೆರಿಡನ್ನಿಗೆ ಮುನ್ನೂರ ಮೂವತ್ತು ಮೈಲಿ. ಯಾರು ಓಡಿಸಿದರೂ ಮಧ್ಯಾಹ್ನ ಹನ್ನೆರಡೂವರೆಗೆ ಮುಟ್ಟಬೇಕು. ಈಗ ಒಂದು ಗಂಟೆಯಾಗಿತ್ತು, ಇನ್ನೂ ಕೇಸೀ ಹಳ್ಳಿಯೂ ಸಿಕ್ಕಿರಲಿಲ್ಲ. ಶೆರಿಡನ್ನಿನಲ್ಲಿ ಮಗಳು ಮಾರ್ಲಾ ಕಾಯುತ್ತಿದ್ದಳು. ಅವಳ ಮನೆಯಿಂದ ನಾಲ್ಕು ರಸ್ತೆ ಆಚೆ, ಮರೆವಿನ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯಲ್ಲಿ ವರ್ಲಿನ್‌ನ ಹೆಸರು ಬರೆದ ಕೋಣೆಯೂ ಕಾಯುತ್ತಿತ್ತು.

ಮೂವತ್ತೆಂಟು ವರ್ಷ ವರ್ಲಿನ್ ಹಾಲು ಕರೆಯುವ ಯಂತ್ರಗಳ ಬಿಡಿಭಾಗ ಮಾರುತ್ತ ಕಾನ್ಸಸ್, ನೆಬ್ರಾಸ್ಕಾ, ಡಕೋಟಾಗಳ ಒಂದೊಂದು ಕೊಟ್ಟಿಗೆಯನ್ನೂ ಮೆಟ್ಟಿದ್ದ. ಅಷ್ಟು ವರ್ಷವೂ ಗಾಡಿಗಳ ವೇಗ ಅಳೆಯುವ ಪೊಲೀಸರ ರಾಡಾರನ್ನು ದೂರದಿಂದಲೇ ಮೂಸಿ ಹೇಳುವ ಇಂಥದೊಂದು ಪೆಟ್ಟಿಗೆ ಅವನ ಗಾಜಿನ ಮೇಲಿತ್ತು. ಒಂದು ಕೆಟ್ಟರೆ ಇನ್ನೊಂದು ಬರುತ್ತಿತ್ತು. ಹೆಸರು ಮಾತ್ರ ಒಂದೇ, ವಯೋಲಾ. ಅದು ಆರ್ಡಿತ್‌ಳ ತಾಯಿಯ ಹೆಸರು. "ಕಂಡಕಂಡದ್ದಕ್ಕೆಲ್ಲ ಕಿರುಚ್ತಾಳೆ. ಆದ್ರೆ ಹತ್ತರಲ್ಲಿ ಒಂದ್ಸಲ ಅವಳು ಹೇಳಿದ್ದು ನಿಜ ಆಗಿರುತ್ತೆ, ಅದಕ್ಕೇ ಬಿಡೋ ಹಂಗೂ ಇಲ್ಲ" ಎಂದು ಅತ್ತೆಯ ಎದುರಿಗೇ ಹೇಳಿ, ಅತ್ತೆಯ ಕೈಯಿಂದ ಒದ್ದೆ ಟವಲಿನ ಏಟು ತಿಂದಿದ್ದ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಅವನಿಗೆ ದಂಡದ ಚೀಟಿ ಬಿದ್ದಿರಲಿಲ್ಲ. ಮದುವೆಯ ಫೋಟೋ ತೋರಿಸುವುದಕ್ಕಿಂತ ಮೊದಲು ಜನರಿಗೆ ಇದನ್ನು ಹೇಳುತ್ತಿದ್ದ.

ಆರ್ಡಿತ್‌ಗೆ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ರಜೆಯಲ್ಲಿ ಎಲ್ಲಿಗೆ ಹೊರಟರೂ ಮೊದಲ ಜಗಳ ಅದರದೇ. "ಗುಡ್ಡ ನೋಡೋಕೆ ಬಂದಿದೀವೋ, ಗುಡ್ಡ ದಾಟೋಕೆ ಬಂದಿದೀವೋ?" ಎಂದು ಅವಳು. "ನೋಡಿದ್ಯಲ್ಲ, ಈಗ್ತಾನೇ ಹೋಯ್ತು" ಎಂದು ಅವನು.

ಆದರೆ ಎಂಬತ್ತಾರನೇ ಇಸವಿಯ ಚಳಿಗಾಲದಲ್ಲಿ, ಆರ್ಡಿತ್‌ಳ ಅಮ್ಮ ಇದ್ದ ಪ್ಯೂಬ್ಲೋ ಊರಿನಿಂದ ಫೋನು ಬಂದಾಗ, ಅಮ್ಮ ಇನ್ನು ಕೆಲವೇ ಗಂಟೆ ಎಂದಾಗ, ವರ್ಲಿನ್ ಕೂಡಲೇ ಕೀಲಿ ತೆಗೆದುಕೊಂಡಿದ್ದ. ನಾನೂರ ಮೂವತ್ತು ಮೈಲಿ. ಐದು ಗಂಟೆಗೂ ಮೊದಲೇ ಮುಟ್ಟಿಸಿದ. ಪೆಟ್ಟಿಗೆ ಕೂಗಿದಾಗ ಮಾತ್ರ ಕಾಲು ಎತ್ತುತ್ತಿದ್ದ, ಸುಮ್ಮನಾದೊಡನೆ ಮತ್ತೆ ಒತ್ತುತ್ತಿದ್ದ. ಅಮ್ಮನಿಗೆ ಇನ್ನೂ ಎಚ್ಚರವಿತ್ತು. "ಆ ಹುಚ್ಚ ಓಡಿಸ್ಕೊಂಡು ಬಂದ್ನಾ?" ಎಂದು ಕೇಳಿ ನಕ್ಕಳು. ಹನ್ನೊಂದು ನಿಮಿಷ ಆರ್ಡಿತ್ ಅವಳ ಕೈ ಹಿಡಿದುಕೊಂಡಿದ್ದಳು. ಆಮೇಲೆ ಬಹಳ ದಿನ ವರ್ಲಿನ್ ಪೆಟ್ಟಿಗೆಯನ್ನು ಹೆಸರು ಹಿಡಿದು ಕರೆಯಲಿಲ್ಲ. ಕೊನೆಗೊಂದು ದಿನ ಆರ್ಡಿತ್‌ಳೇ ಹೇಳಿದಳು: "ವಯೋಲಾ ಕೂಗ್ತಿದಾಳೆ, ಕಿವಿ ಕೇಳಿಸಲ್ವಾ? ನಿಧಾನ ಮಾಡು."

ಈ ವರ್ಷ ಮಾರ್ಚಿನಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಕಾರೂ ಇಲ್ಲ, ವರ್ಲಿನ್ನೂ ಇಲ್ಲ. ಸಂಜೆಯ ಹೊತ್ತಿಗೆ ನೂರ ಎಪ್ಪತ್ತು ಮೈಲಿ ಆಚೆ ಒಬ್ಬ ರೈತನ ಕೊಟ್ಟಿಗೆಯಲ್ಲಿ ಸಿಕ್ಕ. ಬಿಡಿಭಾಗಗಳ ನಮೂನೆ ತುಂಬಿದ ಹಳೆಯ ಸೂಟ್‌ಕೇಸ್ ತೊಡೆಯ ಮೇಲಿಟ್ಟುಕೊಂಡು, ಸತ್ತು ಇಪ್ಪತ್ತು ವರ್ಷವಾಗಿದ್ದ ಆ ಕೊಟ್ಟಿಗೆಯ ಹಳೆಯ ಯಜಮಾನನಿಗಾಗಿ ಕಾಯುತ್ತ ಕೂತಿದ್ದನಂತೆ. ಅಂದಿನಿಂದ ಕೀಲಿ ಆರ್ಡಿತ್‌ಳ ದಿಂಬಿನ ಅಡಿ ಸೇರಿತು. ಜುಲೈನಲ್ಲಿ ಅಡುಗೆಮನೆಯಲ್ಲಿ ನಿಂತಿದ್ದ ಹೆಂಡತಿಯನ್ನು ಯಾರೋ ಕಳ್ಳಿ ಎಂದುಕೊಂಡು ಮಣಿಕಟ್ಟು ಹಿಡಿದು ತಿರುಚಿದ. ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ, "ಯಾರು ಮಾಡಿದ್ದು ಇದನ್ನ? ಹೆಸರು ಹೇಳು, ನಾನು ನೋಡ್ಕೋತೀನಿ" ಎಂದು ಅವನೇ ಅವಳ ಕೂದಲು ಸವರುತ್ತ ಅತ್ತ. ಮಾರ್ಲಾ ಬಂದು ಎರಡು ದಿನ ಇದ್ದು, "ಅಮ್ಮಾ, ಸಾಕು" ಎಂದಳು. ಆರ್ಡಿತ್‌ಗೆ ಎಪ್ಪತ್ತನಾಲ್ಕು. ಅವಳು ಬೇಡ ಎನ್ನಲಿಲ್ಲ.

ಕೇಸೀ ಇನ್ನು ಮೂರು ಮೈಲಿ ಇದೆ ಎನ್ನುವಾಗ ಪೆಟ್ಟಿಗೆ ಒಂದೇ ಸಮನೆ ಚೀರತೊಡಗಿತು. ಕೆಂಪು ದೀಪಗಳೆಲ್ಲ ಹೊತ್ತಿಕೊಂಡವು. ಕನ್ನಡಿಯಲ್ಲಿ ಪೊಲೀಸ್ ಕಾರಿನ ನೀಲಿ ಕೆಂಪು ಬೆಳಕು ತಿರುಗುತ್ತಿತ್ತು.

"ಹೇಳ್ದೆ ತಾನೇ! ಹೇಳ್ದೆ ತಾನೇ!" ಎಂದು ವರ್ಲಿನ್ ತಲೆಯ ಮೇಲಿದ್ದ ಟೋಪಿ ಕಿತ್ತು ಪೆಟ್ಟಿಗೆಯ ಮೇಲೆ ಮುಚ್ಚಿದ. ಟೋಪಿಯೊಳಗಿಂದಲೂ ಅದು ಚೀರುತ್ತಿತ್ತು.

ಆರ್ಡಿತ್ ಬದಿಗೆ ನಿಲ್ಲಿಸಿದಳು. ಬಂದವನು ಐವತ್ತರ ಆಸುಪಾಸಿನ, ಹೊಟ್ಟೆ ಬೆಳೆದ, ಬಿಸಿಲಿಗೆ ಕಂದಿದ ಮುಖದ ಮನುಷ್ಯ. ಅಂಗಿಯ ಮೇಲೆ ಪ್ರುಯಿಟ್ ಎಂದು ಹೆಸರಿತ್ತು. ಗಾಳಿಗೆ ಹಾರದಂತೆ ಟೋಪಿ ಒತ್ತಿ ಹಿಡಿದುಕೊಂಡು ಕಿಟಕಿಗೆ ಬಾಗಿದ.

"ಯಾಕೆ ನಿಲ್ಲಿಸ್ದೆ ಅಂತ ಗೊತ್ತಾಯ್ತಾ ಅಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ವರ್ಲಿನ್ ಅತ್ತ ಬಾಗಿದ. "ಎಷ್ಟರಲ್ಲಿ ಹೋಗ್ತಿದ್ಲು ಸಾಹೇಬ್ರೆ? ನಿಜ ಹೇಳಿ. ನೂರು?"

"ನಲವತ್ತೊಂದು."

"ನೂರ ನಲವತ್ತೊಂದಾ!"

"ಬರೀ ನಲವತ್ತೊಂದು, ಯಜಮಾನ್ರೆ. ಮೂರು ಜನ ಲಾರಿಯವರು ಫೋನ್ ಮಾಡಿ ದೂರು ಹೇಳಿದಾರೆ. ಹಿಂದಿಂದ ಯಾರಾದ್ರೂ ಬಂದು ಗುದ್ದಿದ್ರೆ ಏನ್ ಗತಿ?"

ವರ್ಲಿನ್ ಹೆಂಡತಿಯನ್ನು ನೋಡಿದ. ಮೊದಲು ನಗು ಬಂತು, ಎದೆ ಕುಲುಕುವಷ್ಟು. ಆಮೇಲೆ ನಗು ತಾನಾಗಿಯೇ ನಿಂತಿತು. ಮುಖ ಸಣ್ಣದಾಯಿತು. "ಮೂವತ್ತೆಂಟು ವರ್ಷ ಸಾಹೇಬ್ರೆ, ಒಂದು ಚೀಟಿ ಇಲ್ಲ" ಎಂದ. "ಬರೆಯೋದಾದ್ರೆ ನನ್ನ ಹೆಸರಿಗೆ ಬರೀರಿ. ಗಾಡಿ ನಂದು. ಪಾಪ, ಅವಳಿಗೆ ರಸ್ತೆ ಹೊಸದು."

ಪ್ರುಯಿಟ್ ಅವನನ್ನೂ, ಟೋಪಿಯೊಳಗೆ ಕೂಗುತ್ತಿದ್ದ ಪೆಟ್ಟಿಗೆಯನ್ನೂ ನೋಡಿ ಆರ್ಡಿತ್ ಕಡೆ ತಿರುಗಿದ. "ಅಮ್ಮ, ಮೈಯಲ್ಲಿ ಹುಷಾರಿದೀರಾ? ತಲೆ ಗಿಲೆ ಸುತ್ತುತ್ತಾ? ಸ್ವಲ್ಪ ಕೆಳಗಿಳೀರಿ."

ಕಾರಿನ ಹಿಂಭಾಗದಲ್ಲಿ ಗಾಳಿ ಅವಳ ಕೋಟನ್ನು ಎಳೆದಾಡುತ್ತಿತ್ತು. ಪ್ರುಯಿಟ್ ಅವಳ ಲೈಸೆನ್ಸ್ ಇಸಿದುಕೊಂಡು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ಮಗಳ ಮನೆಗೆ ಎಂದಳು. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು. ಆದರೆ ಆಸ್ಪತ್ರೆಯಿಂದ ಬಂದಮೇಲೆ ಯಾರೂ ಅವಳನ್ನು, ನೀವು ಹುಷಾರಿದೀರಾ ಎಂದು ಕೇಳಿರಲಿಲ್ಲ.

"ಅವರನ್ನ ಬಿಟ್ಟು ಬರೋಕೆ ಹೊರಟಿದೀನಿ. ಶೆರಿಡನ್‌ನಲ್ಲಿ, ಒಂದು ಕಡೆ. ಮೂರು ವಾರ ಬಂದು ನೋಡೋ ಹಂಗಿಲ್ವಂತೆ, ಒಗ್ಗಿಕೊಳ್ಳಲಿ ಅಂತ. ಮೂರು ವಾರ ಆದ್ಮೇಲೆ ನನ್ನ ಗುರುತು ಸಿಗುತ್ತೋ ಇಲ್ವೋ. ಮುಟ್ಟಬೇಕು ಅಂತ್ಲೇ ಹೊರಟೆ. ಕಾಲು ಒತ್ತೋಕೆ ಆಗ್ತಿಲ್ಲ."

ಅವನು ಅವಳ ಲೈಸೆನ್ಸ್ ವಾಪಸು ಕೊಟ್ಟ.

"ಕೇಸೀಯಲ್ಲಿ ಹೆದ್ದಾರಿ ಬಿಟ್ಟು ಇಳಿದುಬಿಡಿ. ಅಲ್ಲಿಂದ ಬಫಲೋ ಊರಿನ ತನಕ ಹಳೇ ರಸ್ತೆ ಇದೆ. ಅದರಲ್ಲಿ ದನ ಬಿಟ್ರೆ ಯಾರೂ ಓಡಾಡಲ್ಲ. ಎಷ್ಟು ಬೇಕಾದ್ರೂ ನಿಧಾನಕ್ಕೆ ಹೋಗಿ, ಯಾರೂ ಹಾರ್ನ್ ಹೊಡೆಯಲ್ಲ. ಒಂದು ಗಂಟೆ ಜಾಸ್ತಿ ಹಿಡಿಯುತ್ತೆ." ತನ್ನ ಕಾರಿನ ಕಡೆ ತಿರುಗುತ್ತ, "ಮನಸ್ಸು ಮಾಡಿದ್ರೆ ಒಂದೂವರೆ" ಎಂದ.

ಕಾರಿಗೆ ವಾಪಸು ಬಂದಾಗ ವರ್ಲಿನ್ ಪಿಸುಗುಟ್ಟಿದ: "ಬರೆದ್ನಾ?"

"ಇಲ್ಲ. ಬಿಟ್ಬಿಟ್ಟ."

"ಹೆಂಗೆ ಮಾತಾಡ್ದೆ ಮಾರಾಯ್ತಿ! ನಿನ್ನನ್ನ ವ್ಯಾಪಾರಕ್ಕೆ ಕಳಿಸ್ಬೇಕಿತ್ತು, ನಾನು ಮನೇಲಿ ಇರ್ಬೇಕಿತ್ತು."

ಹಳೆಯ ರಸ್ತೆ ತೊರೆಯ ಜೊತೆಜೊತೆಗೇ ಬಳುಕುತ್ತಿತ್ತು. ಸೆಪ್ಟೆಂಬರಿನ ಹುಲ್ಲು ಒಣಗಿ ಹೊಂಬಣ್ಣವಾಗಿತ್ತು. ಬೇಲಿಯಾಚೆ ಜಿಂಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಆರ್ಡಿತ್ ಮೂವತ್ತರಲ್ಲಿ ಹೋದಳು, ಆಮೇಲೆ ಇಪ್ಪತ್ತೈದರಲ್ಲಿ. ಪೆಟ್ಟಿಗೆಗೆ ಕೂಗಲು ಏನೂ ಇರಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದ ವರ್ಲಿನ್ ಕೇಳಿದ:

"ವಯೋಲಾ ಹೋಗ್ಬಿಟ್ಲಾ?"

ಅವನು ಯಾವ ವಯೋಲಾಳನ್ನು ಕೇಳುತ್ತಿದ್ದಾನೆಂದು ಆರ್ಡಿತ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಅಲ್ಲಿ ಪೆಡಲ್ ಇದೆಯೆಂಬಂತೆ.

"ಹೂಂ. ಹೋದ್ಲು."

"ನಾವು ಹೊತ್ತಿಗೆ ಸರಿಯಾಗಿ ಮುಟ್ಟಿದ್ವಾ?"

"ಮುಟ್ಟಿದ್ವಿ ವರ್ಲಿನ್. ನೀನೇ ಮುಟ್ಟಿಸ್ದೆ. ಅಮ್ಮ ನನ್ನ ಜೊತೆ ಮಾತಾಡಿದ್ಲು."

"ಹಂಗಾದ್ರೆ ಸರಿ" ಎಂದು ಅವನು ಕಾಲು ಸಡಿಲಿಸಿ ಹಿಂದಕ್ಕೆ ಒರಗಿದ. "ಹಂಗಾದ್ರೆ ಆತುರ ಏನಿಲ್ಲ."

ಫೋನು ನಾಲ್ಕು ಸಲ ಬಡಿದುಕೊಂಡಿತು. ಐದನೆಯ ಸಲಕ್ಕೆ ಎತ್ತಿದಳು. "ಎಲ್ಲಿದೀಯಮ್ಮ? ಅಲ್ಲಿಯವ್ರು ಮಧ್ಯಾಹ್ನದ ಊಟ ಎತ್ತಿಟ್ಟೂ ಆಯ್ತು" ಎಂದಳು ಮಾರ್ಲಾ. "ಗಾಳಿ ಜೋರಾಗಿದೆ ಕಣೇ" ಎಂದಳು ಆರ್ಡಿತ್. ಆ ಕಡೆಯಿಂದ ಮಗಳು ಮೂಗು ಎಳೆದದ್ದು ಕೇಳಿಸಿತು.

ನಾಲ್ಕೂವರೆಗೆ ಶೆರಿಡನ್ ಬಂತು. ಉದ್ದನೆಯ ಒಂದೇ ಅಂತಸ್ತಿನ ಕಟ್ಟಡ, ಮುಂದೆ ಚಾಚಿಕೊಂಡ ಪೋರ್ಟಿಕೊ, ತಾನಾಗಿ ತೆರೆದು ಮುಚ್ಚುವ ಗಾಜಿನ ಬಾಗಿಲು. ಬಾಗಿಲ ಬಳಿ ಮಾರ್ಲಾ ನಿಂತಿದ್ದಳು. ಕಾರು ಪೋರ್ಟಿಕೊದ ಕೆಳಗೆ ಬರುತ್ತಲೇ ಪೆಟ್ಟಿಗೆ ಜೀವ ಹೋಗುವಂತೆ ಚೀರಿಕೊಂಡಿತು.

"ನಿಲ್ಲಿಸ್ಬೇಡ!" ವರ್ಲಿನ್ ಸ್ಟೀರಿಂಗಿಗೆ ಕೈ ಹಾಕಿದ. "ಇಲ್ಲಿ ನಿಲ್ಲಿಸ್ಬೇಡ ಆರ್ಡಿ, ಇದ್ದಾರೆ ಇಲ್ಲಿ! ಮುಂದೆ ಹೋಗು, ಮುಂದೆ ಹೋಗು!"

ಅವಳಿಗೆ ಗೊತ್ತಿತ್ತು. ಅಂಗಡಿಗಳ ಇಂಥ ಬಾಗಿಲುಗಳೂ ರಾಡಾರಿನಂಥದೇ ಅಲೆ ಬೀಸುತ್ತವೆ, ಅದಕ್ಕೇ ಪೆಟ್ಟಿಗೆ ಮೋಸಹೋಗುತ್ತದೆ ಎಂದು ಅವನೇ ನೂರು ಸಲ ಹೇಳಿದ್ದ. ಆದರೂ ಅವಳ ಕಾಲು ಪೆಡಲನ್ನು ಒತ್ತಿತು. ಮಾರ್ಲಾಳ ಎತ್ತಿದ ಕೈ ಎತ್ತಿದ ಹಾಗೇ ಇರುವಂತೆ ಕಾರು ಮುಂದೆ ಹೋಯಿತು. ಕಟ್ಟಡವನ್ನು ಪೂರ್ತಿ ಸುತ್ತಿತು. ಕಸದ ಡಬ್ಬಗಳು, ಅಡುಗೆಮನೆಯ ಹೊಗೆಕೊಳವೆ, ಬೆಂಚಿನ ಮೇಲೆ ಸಿಗರೇಟು ಸೇದುತ್ತ ಕೂತ ಅಡುಗೆಯವನು. ಮತ್ತೆ ಪೋರ್ಟಿಕೊ. ಮತ್ತೆ ಚೀರಾಟ. "ಹೋಗು, ಹೋಗು!" ಅವಳು ಮತ್ತೆ ಹೋದಳು. ಎರಡನೆಯ ಸುತ್ತಿನಲ್ಲಿ ಅಡುಗೆಯವನು ಕೈ ಬೀಸಿದ. ಮಾರ್ಲಾ ಮೆಟ್ಟಿಲ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡಿದ್ದಳು.

ಅವಳು ಹಾಗೆ ಕೂತದ್ದನ್ನು ನೋಡಿ ಆರ್ಡಿತ್ ಮೂರನೆಯ ಸಲ ಪೋರ್ಟಿಕೊದ ಕೆಳಗೆ ಕಾರು ನಿಲ್ಲಿಸಿದಳು. ಕೈ ಚಾಚಿ ಪೆಟ್ಟಿಗೆಯ ತಂತಿ ಕಿತ್ತಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ದನಿ ನಡುವೆಯೇ ತುಂಡಾಯಿತು.

"ಯಾರೂ ಇಲ್ಲ ವರ್ಲಿನ್. ಬರೀ ಬಾಗಿಲು."

ಅವನು ಗಾಜಿನ ಬಾಗಿಲನ್ನೂ ಅವಳನ್ನೂ ನೋಡಿದ. "ಬಾಗಿಲಾ?" ಎಂದ. ತನಗೇ ತಿಳಿಯದೆ ಹೋಯಿತಲ್ಲ ಎಂಬ ನಾಚಿಕೆಯಿಂದ ತಲೆ ತಗ್ಗಿಸಿ, ಹೇಳಿದ ಮಾತು ಕೇಳುವವನ ಹಾಗೆ ಕೆಳಗಿಳಿದ.

ಒಳಗೆ ಊಟದ ಹೊತ್ತು. ಇಲ್ಲಿ ಐದಕ್ಕೇ ರಾತ್ರಿಯ ಊಟ ಬಡಿಸುತ್ತಿದ್ದರು. ಆರೈಕೆ ಮಾಡುವ ಬೆವ್ ಎಂಬ ದಪ್ಪನೆಯ ಹೆಂಗಸು ವರ್ಲಿನ್‌ನ ಕೈ ಹಿಡಿದು ಕರೆದೊಯ್ದು ಮೇಜಿನ ಮುಂದೆ ಕೂರಿಸಿದಳು. ಆಮೇಲೆ ಬಾಗಿಲಿಗೆ ಬಂದು ಆರ್ಡಿತ್‌ಳ ಭುಜ ಮುಟ್ಟಿದಳು. "ಊಟ ಮಾಡ್ತಿರೋವಾಗ್ಲೇ ಹೊರಟ್ಬಿಡಿ ಅಮ್ಮ. ಹೇಳಿ ಹೋಗೋಕೆ ಹೋಗ್ಬೇಡಿ. ಹೇಳಿದ್ರೆ ಅವ್ರಿಗೂ ಕಷ್ಟ, ನಿಮಗೂ ಕಷ್ಟ."

ಐವತ್ತೊಂದು ವರ್ಷ ಸಂಸಾರ ಮಾಡಿ ಹೇಳದೆ ಹೋಗುವುದು. ಆರ್ಡಿತ್ ತಲೆಯಾಡಿಸಿದಳು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲ ಚೌಕಟ್ಟಿನಲ್ಲೇ ನಿಂತಳು.

ವರ್ಲಿನ್ ತಟ್ಟೆಯಲ್ಲಿದ್ದ ಬನ್ನನ್ನು ಎರಡು ಹೋಳು ಮಾಡಿದ. ಎರಡೂ ಕಡೆ ಅಂಚಿನವರೆಗೆ ಬೆಣ್ಣೆ ಸವರಿದ. ಮತ್ತೆ ಜೋಡಿಸಿ, ಕಾಗದದ ಕರವಸ್ತ್ರದಲ್ಲಿ ಮೂಲೆ ಮೂಲೆ ಮಡಿಸಿ ಸುತ್ತಿದ.

"ಅದ್ಯಾರಿಗಪ್ಪಾ?" ಎಂದು ಎದುರಿಗಿದ್ದ ಮುದುಕ ಕೇಳಿದ.

"ನನ್ನ ಹೆಂಡ್ತಿಗೆ. ಬೆಳಗ್ಗಿಂದ ಅವಳೇ ಗಾಡಿ ಓಡಿಸಿದಾಳೆ, ಬಾಯಿಗೆ ಏನೂ ಹಾಕಿಲ್ಲ. ಪೆಟ್ರೋಲ್ ಹಾಕಿಸೋಕೆ ಹೋಗಿದಾಳೆ, ಈಗ ಬರ್ತಾಳೆ."

ಪಕ್ಕದ ಖಾಲಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಪೊಟ್ಟಣವನ್ನು ಅದರ ಮೇಲಿಟ್ಟ. ಯಾರೂ ಬಂದು ಕೂರದ ಹಾಗೆ ಒಂದು ಕೈಯನ್ನು ಕುರ್ಚಿಯ ಬೆನ್ನಿನ ಮೇಲೆ ಚಾಚಿಕೊಂಡು, ಇನ್ನೊಂದು ಕೈಯಿಂದ ನಿಧಾನವಾಗಿ ಬಟಾಣಿ ತಿನ್ನತೊಡಗಿದ.