ಮಗ್ಗದ ತಾಳ ತಪ್ಪಿಸಿದ ನೂಲು

ಆ ದಿನ ನಾನು ಸುತ್ತುತ್ತಿದ್ದ ನೂಲು ಬಹಳ ಕೆಟ್ಟದ್ದು. ರಾಟೆ ಎರಡು ಸುತ್ತು ತಿರುಗುವಷ್ಟರಲ್ಲಿ ಪಟ್ ಎಂದು ಹರಿಯುತ್ತಿತ್ತು. ಗಂಟು ಹಾಕಬೇಕು, ಮತ್ತೆ ಸುತ್ತಬೇಕು. ಲಾಳಿಗೆ ಹಾಕುವ ಕಂಡಿಕೆ ಹತ್ತು ಕೂಡ ತುಂಬಿರಲಿಲ್ಲ, ಮೊಮ್ಮಗಳು ಬನಶಂಕರಿ ಬಾಗಿಲಲ್ಲಿ ಬಂದು ನಿಂತಳು. ಬಿಳಿ ಕರಾಟೆ ಅಂಗಿ, ಸೊಂಟಕ್ಕೆ ಕಂದು ಪಟ್ಟಿ, ಓಡಿ ಬಂದ ಏದುಸಿರು.

“ಆಯಿ, ಏಳ ಏಳ! ಜಮಖಂಡಿಯವ್ರು ಬಂದಾರ. ವಿಶ್ವಾಸ ಸರ್ ಇವತ್ತ ಹೆಸರು ಬರಕೊಂಡ ಹೋಗತಾರಂತ. ಇವತ್ತ ನೀ ನೋಡ್ಲಿಲ್ಲಂದ್ರ ಮುಗೀತು.”

“ಈ ನೂಲ ಯಾರ ಸುತ್ತಬೇಕ?”

“ಹೊತಗೊಂಡ ಬಾ!”

ಕಂಡಿಕೆಯ ಡಬ್ಬಿಗೆ ನೂಲಿನ ಲಡಿ ತುರುಕಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಕಾಗದವೂ ಆ ಡಬ್ಬಿಯ ತಳದಲ್ಲೇ ಇತ್ತು.

ಕಾಗದದ ಸಂಗತಿ ಹೀಗೆ. ವಿಶ್ವಾಸ ಸರ್ ಜಮಖಂಡಿಯಲ್ಲಿ ಹುಡುಗಿಯರನ್ನು ಒಂದು ತಿಂಗಳು ಇಟ್ಟುಕೊಂಡು ಕರಾಟೆ ಕಲಿಸುತ್ತಾರೆ. ಅದಕ್ಕೆ ಮನೆಯ ಹಿರಿಯರು ತಮ್ಮ ಕೈಯಾರೆ ಬರೆದ ಒಪ್ಪಿಗೆ ಬೇಕು. ನನ್ನ ಮಗ ಪ್ರಭುಲಿಂಗ, “ಅವ್ವಾ, ಅಕಿನ್ನ ಬೆಳೆಸಿದಾಕಿ ನೀ. ನೀ ಬರದ್ರ ಹೋಗಲಿ” ಎಂದುಬಿಟ್ಟ. ನಲವತ್ತೆಂಟನೆಯ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು, ಬರೆಯಲು ಒಂದೇ ಸಂಜೆ ಸಾಕಾಯಿತು. ಕೊಡಲು ಮಾತ್ರ ನಾಲ್ಕು ತಿಂಗಳಾದರೂ ಕೈ ಬರಲಿಲ್ಲ. ಬರೆದ ಮರುದಿನವೇ ಹುಡುಗಿ ತುಟಿ ಒಡೆದುಕೊಂಡು ಬಂದಿದ್ದಳು. “ನೀ ಏಟು ತಿನ್ನದ ಆಡೂದನ್ನ ನಾ ಕಣ್ಣಾರೆ ನೋಡಬೇಕು. ಆಮ್ಯಾಲ ಕಾಗದ” ಎಂದಿದ್ದೆ.

ಬನಹಟ್ಟಿಯ ನಮ್ಮ ಓಣಿಯ ತುದಿಯಲ್ಲಿ, ಎರಡು ಪವರ್‌ಲೂಮ್ ಶೆಡ್ಡುಗಳ ನಡುವೆ ಒಂದು ಹಳೆಯ ಗೋದಾಮು. ಕರಾಟೆ ನಡೆಯುವುದು ಅಲ್ಲೇ. ಕಲಿಸುವ ನೇಹಾ ತೇರದಾಳದವಳು. ಸಣ್ಣವಳಿದ್ದಾಗಿನಿಂದ ಅದೇ ಗೋದಾಮಿನಲ್ಲಿ ಕಲಿತು ಈಗ ಅಲ್ಲೇ ಕಲಿಸುತ್ತಾಳೆ. ಎರಡೂ ಗೋಡೆಯಾಚೆಯಿಂದ ಖಟಕ್ ಖಟಕ್ ಎಂಬ ಮಗ್ಗದ ಸಪ್ಪಳ. ನಮಗದು ಕೇಳಿಸುವುದೂ ಇಲ್ಲ, ಅಷ್ಟು ರೂಢಿ.

ಹುಡುಗಿಯರು ಇಬ್ಬಿಬ್ಬರಾಗಿ ಎದುರು ನಿಂತರು. ಒಬ್ಬಳು ಮೂರು ಏಟು ಹಾಕಬೇಕು. ಇನ್ನೊಬ್ಬಳು ಹಿಂದೆ ಸರಿಯುತ್ತ ತಡೆಯಬೇಕು, ಮೂರನೆಯದನ್ನು ತಡೆದ ಕೂಡಲೇ ತಿರುಗಿ ಕೊಡಬೇಕು. “ಒಂದ್! ಎರಡ್! ಮೂರ್!” ಎಂದು ನೇಹಾ ಕೂಗುತ್ತಿದ್ದಳು. ನಮ್ಮವರು ನಮ್ಮವರೊಡನೆ ಆಡಿದಾಗ ಏನು ಚೆಂದ! ಒಂದು ಏಟೂ ಯಾರಿಗೂ ತಾಗಲಿಲ್ಲ. ಆಮೇಲೆ ಬನಶಂಕರಿಯ ಎದುರು ಜಮಖಂಡಿಯ ಹರ್ಷದಾ ಬಂದು ನಿಂತಳು. ಎತ್ತರದ ಹುಡುಗಿ, ಎರಡು ಜಡೆ.

ಟಪ್! ಹೊಟ್ಟೆಗೆ. ಟಪ್! ಭುಜಕ್ಕೆ.

“ಎಚ್ಚರ ಅದಿಯೋ, ನಿದ್ದಿ ಬಂತೋ?” ಎಂದಳು ಹರ್ಷದಾ.

“ಮಾತ ಸಾಕ. ಇನ್ನೊಮ್ಮಿ ಬಾರಲೇ!”

ಇನ್ನೊಮ್ಮೆ ಬಂದಳು. ಟಪ್!

ನೋಡಲಾರದೆ ಕಣ್ಣು ಮುಚ್ಚಿದೆ. ಮುಚ್ಚಿದ್ದೇ ಒಳ್ಳೆಯದಾಯಿತು. ಮಗ್ಗ ಖಟಕ್ ಎಂದಾಗ ಬನಶಂಕರಿಯ ಪಾದ ನೆಲಕ್ಕೆ ಧಪ್. ಖಟಕ್, ಧಪ್. ಖಟಕ್, ಧಪ್. ಒಮ್ಮೆಯೂ ಹೆಚ್ಚುಕಡಿಮೆಯಿಲ್ಲ! ಹರ್ಷದಾಳ ಏಟು ಬೀಳುತ್ತಿದ್ದದ್ದು ಎರಡು ಖಟಕ್‌ಗಳ ನಡುವೆ, ನಮ್ಮವಳ ಕಾಲು ಗಾಳಿಯಲ್ಲಿದ್ದಾಗ.

ಎದ್ದು ನಿಂತು ಕೂಗಿದೆ. “ನೇಹಾ, ನಿಲ್ಸ ಬೇ! ನಿನ್ನ ಹುಡುಗ್ಯಾರು ಬಡದಾಡವಲ್ರು, ನೇಯಾಕತ್ತಾರ! ಮಗ್ಗದ ಸಪ್ಪಳಕ್ಕ ಕಾಲ ಇಡಾಕತ್ತಾರ!”

ಎಲ್ಲರೂ ನಕ್ಕರು. ನೇಹಾ ನಗಲಿಲ್ಲ. ಗೋಡೆಯ ಕಡೆ ಕಿವಿಗೊಟ್ಟು, “ಒಂದ್, ಎರಡ್, ಮೂರ್” ಎಂದು ಮೆಲ್ಲಗೆ ಎಣಿಸಿದಳು. ಮೂರೂ ಮಗ್ಗದ ಮೇಲೇ ಬಿದ್ದವು.

“ಅಯ್ಯ ದೇವರs! ಹನ್ನೆರಡ ವರ್ಷ ಹಿಂಗs ಎಣಸೇನಿ!” ಎಂದು ಹಣೆ ಬಡಿದುಕೊಂಡಳು. “ಆಯಿ, ನೀವs ಕೂಗ್ರಿ. ಮನಸಿಗೆ ಬಂದಾಗ ‘ಹೂಂ’ ಅನ್ರಿ. ಆವಾಗಷ್ಟs ಏಟು.”

ಕೂಗಿದೆ. ಹೂಂ. ಹೂಂ. ಹೂಂ. ಹರ್ಷದಾ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತಳು. “ಆಯಿಯವ್ರ, ನೀವೂ ನೇಯಾಕತ್ತೀರಿ!”

ಖರೆ ಮಾತು. ಐವತ್ತು ವರ್ಷ ಮಗ್ಗದ ಮುಂದೆ ಕುಳಿತ ಬಾಯಿ ಇನ್ನು ಹೇಗೆ ತೆರೆದೀತು? ನಾಚಿಕೆಯಾಗಿ ಡಬ್ಬಿಯಲ್ಲಿ ಕೈ ಆಡಿಸಿದೆ. ಬೆರಳಿಗೆ ಅದೇ ಹಾಳು ನೂಲು ಸಿಕ್ಕಿತು.

ಒಂದು ಮೊಳ ಬಿಚ್ಚಿ ಎರಡೂ ಕೈಗೆ ಸುತ್ತಿಕೊಂಡು ಇಬ್ಬರ ಪಕ್ಕದಲ್ಲಿ ಎತ್ತಿ ಹಿಡಿದೆ. “ನಾ ಹಗೂರಕ ಜಗ್ಗತೇನಿ. ಯಾವಾಗ ಹರೀತದ, ನನಗs ಗೊತ್ತಿಲ್ಲ. ಹರದ ಕೂಡಲೆ ಏಟು!”

ಮೊದಲನೆಯ ಎಳೆ ಹಿಡಿಯುವಷ್ಟರಲ್ಲೇ ಹರಿಯಿತು. ಇಬ್ಬರೂ ಪಿಳಿಪಿಳಿ ನೋಡಿದರು. ಎರಡನೆಯದು ಹರಿಯಲೊಲ್ಲದು! ಬನಶಂಕರಿ ಮಗ್ಗದ ಜೊತೆ ಜಿಗಿದೇಬಿಟ್ಟಳು, ಎಳೆ ಇನ್ನೂ ಗಟ್ಟಿಯಾಗಿತ್ತು. “ಆತುರಗೇಡಿ!” ಎಂದೆ. ಮತ್ತೊಂದು ಎಳೆ, ಮತ್ತೊಂದು. ಎಲ್ಲ ಹುಡುಗಿಯರೂ ಸುತ್ತ ನಿಂತು ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ಬೆರಳಲ್ಲಿ ಕೆಂಪು ಗೆರೆ ಮೂಡಿದವು. ಇಪ್ಪತ್ತು ಎಳೆ ಹರಿದವು, ನಲವತ್ತು ಹರಿದವು. ಆಗ ಕೇಳಿಸಿತು ನನಗೆ: ಧಪ್ ಒಮ್ಮೆ ಖಟಕ್‌ಗಿಂತ ಮುಂಚೆ, ಒಮ್ಮೆ ಆಮೇಲೆ!

“ಈಗ ಖರೇ ಆಟ. ಎರಡ ನಿಮಿಷ,” ಎಂದರು ಅಲ್ಲಿಯವರೆಗೆ ಗೋಡೆಗೊರಗಿ ನೋಡುತ್ತಿದ್ದ ವಿಶ್ವಾಸ ಸರ್.

ಮೊದಲು ಹರ್ಷದಾ ಎರಡು ಕೊಟ್ಟಳು. ಬನಶಂಕರಿ ಒಂದು ಕೊಟ್ಟಳು, ಇನ್ನೊಂದು ಕೊಟ್ಟಳು. ಮತ್ತೆ ಹರ್ಷದಾ, ತುಟಿಯ ಮೇಲೆ. ಕೂಡಲೇ ನಮ್ಮವಳದು ಪಕ್ಕೆಗೆ. ಮೂರಕ್ಕೆ ಮೂರು! ಬನಶಂಕರಿಯ ಕಾಲು ಎದ್ದಿತು. ಹರ್ಷದಾ ಎಂದಿನಂತೆ ಒಳನುಗ್ಗಿದಳು. ಆದರೆ ಆ ಕಾಲು ಕೆಳಗಿಳಿಯಲೇ ಇಲ್ಲ! ಗಾಳಿಯಲ್ಲೇ ನಿಂತಿತು, ಹರ್ಷದಾಳ ಮುಷ್ಟಿ ಬರಿದೇ ಹಾದುಹೋಯಿತು, ಆಮೇಲೆ ಆ ಕಾಲೇ ತಿರುಗಿ ಅವಳ ಎದೆಗವಸಿನ ಮೇಲೆ ಟಪ್!

ನಾನೂ ಜಿಗಿದೆನೆಂದು ಕಾಣುತ್ತದೆ. ಡಬ್ಬಿ ಉರುಳಿ ಕಂಡಿಕೆಗಳು ಗೋದಾಮಿನ ತುಂಬ ಓಡಿದವು.

ಆಟ ಮುಗಿಯಿತು, ನಾಲ್ಕಕ್ಕೆ ಮೂರು. ಬನಶಂಕರಿ ಮಾತ್ರ ಮುಖ ಸಣ್ಣದು ಮಾಡಿಕೊಂಡು ಬಂದಳು. ತುಟಿಯಂಚಿನಲ್ಲಿ ಚೂರು ರಕ್ತ. “ಮೂರ ಏಟ ತಿಂದ್ನಿ, ಆಯಿ.”

“ತಿಂದಿ ಏನ? ಎಣಸೂದs ಮರ್ತ್ನೆಲ್ಲ! ನೇಹಾ, ಪೆನ್ನ ಕೊಡ ಬೇ!”

ಹೊರಗೆ ಜಮಖಂಡಿಯವರ ಟೆಂಪೊ ಗುರ್ ಎಂದಿತು. ಬರಿದಾದ ಡಬ್ಬಿಯ ತಳದಿಂದ ಕಾಗದ ತೆಗೆದು, ನೇಹಾಳ ಬೆನ್ನ ಮೇಲಿಟ್ಟು ಬಿಚ್ಚಿದೆ. ‘ನನ್ನ ಮೊಮ್ಮಗಳಿಗೆ ಒಂದು ಏಟೂ ತಾಗದಂತೆ ನೋಡಿಕೊಳ್ಳತಕ್ಕದ್ದು’ ಎಂಬ ಸಾಲಿಗೆ ಅಡ್ಡಗೆರೆ ಎಳೆದೆ. ‘ಮಗ್ಗದ ಸಪ್ಪಳವಿಲ್ಲದ ಕಡೆ ಕಲಿಸತಕ್ಕದ್ದು’ ಎಂದು ಬರೆದೆ. ತಾರೀಖು ತಿದ್ದಿದೆ. ಸಾತವ್ವ ಎಂಬ ನನ್ನ ಸಹಿ ಮೊದಲೇ ಇತ್ತು.

“ಓಡ!”

ಟೆಂಪೊ ಆಗಲೇ ಹೊರಟಿತ್ತು. ಬನಶಂಕರಿ ಬರಿಗಾಲಲ್ಲಿ ಅದರ ಹಿಂದೆ ಓಡಿದಳು. ಹರ್ಷದಾ ಕಿಟಕಿಯಿಂದ ಉದ್ದಕ್ಕೆ ಕೈ ಚಾಚಿ ಕಾಗದ ಸೆಳೆದುಕೊಂಡಳು.

“ಬಾರಲೇ ಜಮಖಂಡಿಗೆ, ನೋಡ್ಕೋತೇನಿ!” ಎಂದು ಕೂಗಿದಳು.

ಟೆಂಪೊ ತಿರುವು ದಾಟುವ ತನಕ ಆ ಕೈ ಹೊರಗೇ ಇತ್ತು, ಕೈಯಲ್ಲಿ ನನ್ನ ಕಾಗದ.