ಇನ್ನೊಮ್ಮೆ ಹುಡುಕಿ, ಬಾಸ್

ಚಮಚ ಡಬ್ಬದ ತಳ ಮುಟ್ಟುವ ಮೊದಲೇ ಏನೋ ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. "ಇದೆಂತ, ಚಟ್ನಿಪುಡಿಗೆ ಕಲ್ಲು ಬಿದ್ದದ್ದಾ?" ಎನ್ನುತ್ತಾ ಅಕ್ಕು ಎರಡು ಬೆರಳು ಹಾಕಿ ಎಳೆದಳು. ಬಂದದ್ದು ಕಲ್ಲಲ್ಲ. ಹುರುಳಿ ಚಟ್ನಿಪುಡಿ ಮೆತ್ತಿಕೊಂಡ ಬಂಗಾರದ ಸರ, ಒಂದು ಗೇಣು ಎಳೆದರೂ ಮುಗಿಯದ್ದು. ಎಪ್ಪತ್ತೆಂಟು ವರ್ಷದ ಮುದುಕಿ ಅದನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದು, ಮಗನದೆಂದು ಗುರುತು ಹತ್ತಿದ್ದೇ, "ನನ್ನ ಸ್ವಾಮೀ, ಕೊರಗಜ್ಜಾ!" ಎಂದು ಕೂಗಿದಳು. ಚಾವಡಿಯಲ್ಲಿ ದೋಸೆ ತಿನ್ನುತ್ತಿದ್ದ ಸುಕುಮಾರ ಎಡಗೈ ಊರಿ ಎದ್ದು ಓಡಿ ಬಂದ.

ಬಂದವನು ಸರ ನೋಡಿದ, ಡಬ್ಬ ನೋಡಿದ, ಹೆಂಡತಿ ವಿಜೇತಾಳ ಮುಖ ನೋಡಿದ. ಬಾಯಲ್ಲಿದ್ದ ದೋಸೆಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಐದು ಪವನು!" ಅಕ್ಕುವಿನ ಕಣ್ಣಲ್ಲಿ ನೀರು. "ಕಳೆದದ್ದನ್ನು ಹುಡುಕಿ ಕೊಡುವ ಅಜ್ಜನಿಗೆ ಹರಕೆ ಹೇಳಿದ್ದು ಸುಮ್ಮನೆ ಹೋಯ್ತಾ? ಸಮುದ್ರ ದಾಟಿಸಿ ತಂದು ಕೊಟ್ಟದ್ದು ನೋಡು ಮಗಾ!"

"ಅಜ್ಜ ತಂದದ್ದಲ್ಲ ಅತ್ತೆ," ಎಂದಳು ವಿಜೇತಾ. ಒಲೆಯ ಮೇಲಿನ ಕಾವಲಿಯಿಂದ ಹೊಗೆ ಏಳುತ್ತಿದ್ದರೂ ಅವಳು ಅತ್ತ ತಿರುಗಲಿಲ್ಲ. "ಈ ಡಬ್ಬ ನಮ್ಮೊಟ್ಟಿಗೇ ಹೋಗಿ ನಮ್ಮೊಟ್ಟಿಗೇ ಬಂದದ್ದು."

ಸುಕುಮಾರನಿಗೆ ಬದಿಯಡ್ಕ ಪೇಟೆಯಲ್ಲಿ ಪೈಪು, ಪಂಪು, ನಲ್ಲಿಗಳ ಅಂಗಡಿ. ಕಳೆದ ವರ್ಷ ಅತಿ ಹೆಚ್ಚು ಪೈಪು ಮಾರಿದ ಇಪ್ಪತ್ತನಾಲ್ಕು ಡೀಲರುಗಳನ್ನು ಕಂಪೆನಿಯವರು ಹೆಂಡತಿಯರ ಸಮೇತ ಕೆರಿಬಿಯನ್ ಸಮುದ್ರದ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು. ಕೊಚ್ಚಿಯ ವಿಮಾನ ನಿಲ್ದಾಣದಲ್ಲೇ ಗೈಡು ಎಲ್ಲರನ್ನೂ ಸುತ್ತ ನಿಲ್ಲಿಸಿ ಪಾಠ ಮಾಡಿದ್ದ. ಚಿನ್ನ ಹಾಕಿಕೊಂಡು ತಿರುಗಬೇಡಿ, ಕತ್ತಲಾದ ಮೇಲೆ ಒಬ್ಬೊಬ್ಬರೇ ಹೊರಗೆ ಹೋಗಬೇಡಿ, ಬೆಲೆಬಾಳುವುದೆಲ್ಲ ರೂಮಿನ ಲಾಕರಿನಲ್ಲಿಡಿ, ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಸುಕುಮಾರ. ಆಗಲೂ ಅವನ ಅಂಗಿಯ ಒಳಗೆ ಐದು ಪವನಿನ, ನಲವತ್ತು ಗ್ರಾಮಿನ ಸರ ಇತ್ತು. ಬೇರೆ ಡೀಲರುಗಳ ನಡುವೆ ಬರಿ ಕುತ್ತಿಗೆಯಲ್ಲಿ ನಿಲ್ಲುವುದು ಹೇಗೆ! ಅಲ್ಲಿಯ ಊಟ ಸೇರದಿದ್ದರೆ ಎಂದು ಅಕ್ಕು ಹುರಿದು ಕುಟ್ಟಿ ಕೊಟ್ಟ ಚಟ್ನಿಪುಡಿಯ ಡಬ್ಬವೂ ಪೆಟ್ಟಿಗೆಯಲ್ಲಿತ್ತು.

ಅವರ ರೂಮು ಗುಡಿಸಿ ಒರೆಸಲು ಬರುತ್ತಿದ್ದವನು ಎಲ್ರಾಯ್. ನಲವತ್ತು ದಾಟಿದ ಎತ್ತರದ ಆಳು. ಬೆಳಿಗ್ಗೆ ಕೇಳದೆಯೇ ಬಿಸಿನೀರು ತಂದಿಡುತ್ತಿದ್ದ. ವಿಜೇತಾ ಕುದಿಸಿದ ಜೀರಿಗೆ ಕಷಾಯದ ವಾಸನೆ ಹಿಡಿದು, ತನಗೂ ಒಂದು ಗುಟುಕು ಬೇಕೆಂದು ಕೇಳಿ ಕುಡಿದಿದ್ದ. ಎರಡನೆಯ ದಿನ ಸುಕುಮಾರ ಫೋಟೋ ತೆಗೆಸಿಕೊಳ್ಳಲು ಕೆಂಪು ಬಾವುಟದಿಂದಾಚೆ ಮೊಣಕಾಲು ನೀರಿಗೆ ಇಳಿದಾಗ, ಎಲ್ಲಿಂದಲೋ ಓಡಿ ಬಂದು ರಟ್ಟೆ ಹಿಡಿದು ದಡಕ್ಕೆ ಎಳೆದವನೂ ಅವನೇ. "ಅಲ್ಲಿ ಬೇಡ ಬಾಸ್, ಅಲ್ಲಿ ಕಾಲಡಿಯ ಮಣ್ಣು ನಿಲ್ಲುವುದಿಲ್ಲ," ಎಂದಿದ್ದ.

ಮೂರನೆಯ ದಿನ ಸಂಜೆ ಕಂಪೆನಿಯ ಪಾರ್ಟಿ. ಊರಲ್ಲಿ ಅಮ್ಮನ ಹೆದರಿಕೆಗೆ ಬಿಯರಿನ ಬಾಟಲಿಯನ್ನೂ ಮುಟ್ಟದ ಸುಕುಮಾರ ಅಲ್ಲಿ ರಮ್ಮು ಕುಡಿದ. ಒಂದು ಗ್ಲಾಸೇ, ಎರಡೇ? ಎಣಿಸಿದವರು ಯಾರು! ಬೆಳಿಗ್ಗೆ ಎದ್ದು ಲಾಕರು ತೆರೆದರೆ ಸರ ಇಲ್ಲ. ಅವನು ಬೊಬ್ಬೆ ಹೊಡೆದ. ಅಷ್ಟು ಹೊತ್ತಿಗೆ ರೂಮಿಗೆ ಬಂದು ಹೋಗಿದ್ದವನು ಎಲ್ರಾಯ್ ಒಬ್ಬನೇ. ಮೆನೇಜರು ಬಂದ, ಡೀಲರುಗಳು ಬಂದರು. ಹೋಟೆಲಿನ ಜಗಲಿಯಲ್ಲಿ ಎಲ್ಲರ ಎದುರು ಎಲ್ರಾಯ್‌ನ ಕಿಸೆಗಳನ್ನು ಹೊರಮಗುಚಿದರು, ಚೀಲವನ್ನು ನೆಲಕ್ಕೆ ಸುರಿದರು. ಬುತ್ತಿ, ಒಂದು ಜೊತೆ ಹಳೆಯ ಚಪ್ಪಲಿ, ಯಾರದೋ ಮದ್ದಿನ ಚೀಟಿ. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಅವನು ಸಿಟ್ಟಾಗಲಿಲ್ಲ, ಅಳಲಿಲ್ಲ. ಸುಕುಮಾರನನ್ನೇ ನೋಡುತ್ತಾ, "ಇನ್ನೊಮ್ಮೆ ಹುಡುಕಿ, ಬಾಸ್," ಎಂದ. ಪೊಲೀಸರ ಕಾರು ಹತ್ತುವಾಗಲೂ ಅದನ್ನೇ ಹೇಳಿದ. ದೂರಿಗೆ ಸಹಿ ಹಾಕಿ ಸುಕುಮಾರ ಮರುದಿನ ವಿಮಾನ ಹತ್ತಿದ.

ಊರಿಗೆ ಬಂದ ಮೇಲೆ ಈ ಸಂಗತಿಗೆ ಕೈಕಾಲು ಬಂತು. ಅಂಗಡಿಗೆ ನಲ್ಲಿ ಕೇಳಿಕೊಂಡು ಬಂದವರೂ ಕಥೆ ಕೇಳಿ ಹೋದರು. ಮಂಗಳೂರಿನಾಚೆ ಕಾಲಿಡುವವರೆಲ್ಲ ಅವನ ಬುದ್ಧಿಮಾತಿಗೆ ಕಾದರು. "ನಗಾಡಿಕೊಂಡು ಬಂದವರನ್ನು ನಂಬ್ಲಿಕ್ಕೇ ಹೋಗ್ಬೇಡಿ ಮಾರಾಯ್ರೆ. ಆ ಜನವೇ ಹಾಗೆ," ಎಂದು ಅವನು ಎದೆ ಉಬ್ಬಿಸಿ ಹೇಳುತ್ತಿದ್ದ. ಹೋದ ವಾರ ನೆರೆಮನೆಯ ಬೋಜನ ಮಗಳು ರಶ್ಮಿತಾ ಬಂದಿದ್ದಳು. ಅವಳಿಗೆ ಪ್ರವಾಸಿ ಹಡಗೊಂದರಲ್ಲಿ ರೂಮು ಚೊಕ್ಕ ಮಾಡುವ ಕೆಲಸ ಸಿಕ್ಕಿತ್ತು. ಹಡಗು ಹೋಗುವುದು ಅದೇ ದ್ವೀಪಗಳ ಕಡೆಗೆ. ಅವಳನ್ನೂ ಕೂರಿಸಿ ಅರ್ಧ ಗಂಟೆ ಕೊರೆದಿದ್ದ.

ಈಗ ಡಬ್ಬ ಎದುರಿಗಿತ್ತು. ಅವನಿಗೆ ಎಲ್ಲವೂ ಒಂದೊಂದಾಗಿ ನೆನಪಾಯಿತು. ಪಾರ್ಟಿಯಿಂದ ಬಂದು ಲಾಕರಿನ ಮುಂದೆ ಕುಕ್ಕರಗಾಲಲ್ಲಿ ಕೂತದ್ದು, 'ಇದರ ಇನ್ನೊಂದು ಕೀ ಹೋಟೆಲಿನವರ ಕೈಲೇ ಉಂಟಲ್ಲ' ಎಂದು ತನ್ನ ಜಾಣತನಕ್ಕೆ ತಾನೇ ನಕ್ಕದ್ದು, ಡಬ್ಬದ ಪುಡಿಯಲ್ಲಿ ಬೆರಳಿಂದ ಗುಂಡಿ ತೋಡಿದ್ದು. ಕಳ್ಳರು ಸಾವಿರ ಕಡೆ ಹುಡುಕಿದರೂ ಹುರುಳಿ ಚಟ್ನಿಪುಡಿಗೆ ಕೈ ಹಾಕುವುದಿಲ್ಲ ಎಂಬ ಲೆಕ್ಕ ಅವನದು. ಲೆಕ್ಕ ಸರಿಯಾಗಿಯೇ ಇತ್ತು, ಸರ ಹುಡುಕುವಾಗ ತಾನೂ ಕೈ ಹಾಕಲಿಲ್ಲ.

"ಯಾರಿಗೂ ಹೇಳುದು ಬೇಡ," ಎಂದ.

"ಹಾಗಾದ್ರೆ ಅವನು?" ಎಂದಳು ವಿಜೇತಾ.

"ಯಾರು?"

"ಯಾರು ಅಂತ ನಿಮಗೆ ಗೊತ್ತಿಲ್ವಾ?"

"ಸುಳ್ಳು ದೂರು ಕೊಟ್ಟದ್ದು ಅಂತ ನನ್ನ ಮೇಲೆಯೇ ಕೇಸು ಬಿದ್ರೆ? ಕಂಪೆನಿಯವರಿಗೆ ಎಂತ ಮುಖ ತೋರಿಸುದು? ನೀನು ಸುಮ್ಮನಿರು ಮಾರಾಯ್ತಿ."

ಅಕ್ಕುವಿಗೆ ಸಂಗತಿ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ಅವಳು ಅಲ್ಲೇ ಮಣೆಯ ಮೇಲೆ ಕುಸಿದಳು. "ಅಯ್ಯೋ ಮಗಾ, ಹರಕೆ ಹೇಳುವಾಗ ನಾನು ಎಂತ ಹೇಳಿದ್ದು ಗೊತ್ತುಂಟಾ? ಕದ್ದವನನ್ನು ನೀನೇ ನೋಡಿಕೋ ಅಜ್ಜಾ ಅಂತ ಹೇಳಿದ್ದು. ಏನೂ ಮಾಡದ ಪಾಪದವನ ಮೇಲೆ ಶಾಪ ಹಾಕಿದೆನಲ್ಲಾ ನಾನು! ಆದಿತ್ಯವಾರವೇ ಕಟ್ಟೆಗೆ ಹೋಗ್ಬೇಕು. ಸಿಕ್ಕಿದ್ದು ಎಲ್ಲಿ, ಇಟ್ಟದ್ದು ಯಾರು, ಎಲ್ಲ ಬಾಯಿಬಿಟ್ಟು ಹೇಳ್ಬೇಕು. ಅಜ್ಜನ ಹತ್ರ ಅರ್ಧ ಮಾತು ನಡಿಯುದಿಲ್ಲ."

ಮೂರು ದಿನ ಸುಕುಮಾರ ಅಂಗಡಿಯಲ್ಲಿ ತಲೆ ತಗ್ಗಿಸಿ ಪೈಪು ಕತ್ತರಿಸಿದ. "ಆ ಕಳ್ಳನ ಸುದ್ದಿ ಎಂತ ಆಯ್ತು ಅಣ್ಣಾ?" ಎಂದು ಯಾರೋ ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ಕುತ್ತಿಗೆಗೆ ಹೋಯಿತು. ಡೀಲರುಗಳ ವಾಟ್ಸಾಪ್ ಗುಂಪಿನಲ್ಲಿ 'ಸರ ಸಿಕ್ಕಿತು' ಎಂದು ಎರಡು ಸಲ ಟೈಪು ಮಾಡಿದ, ಎರಡು ಸಲವೂ ಅಳಿಸಿದ. ಆ ಗುಂಪಿನಲ್ಲಿ ಮೇಲಕ್ಕೆ ಸರಿಸುತ್ತಾ ಹೋದರೆ ಎಲ್ರಾಯ್‌ನ ವಿಡಿಯೋ ಇನ್ನೂ ಇತ್ತು. ಅದರ ಕೆಳಗೆ ನಗುವ ಮುಖಗಳ ಸಾಲು. ಮೊದಲನೆಯದು ಅವನೇ ಹಾಕಿದ್ದು.

ಆದಿತ್ಯವಾರ ಮಧ್ಯಾಹ್ನ ಕಳೆದ ಮೇಲೆ ಪೈವಳಿಕೆಯ ಹತ್ತಿರದ ದೈವ ಕೊರಗಜ್ಜನ ಕಟ್ಟೆಯಲ್ಲಿ ಮೂವತ್ತು ನಲವತ್ತು ಜನ ಇದ್ದರು. ಕಳೆದುಹೋದ ದನ ಸಿಕ್ಕಿದವರು, ಪಾಸ್‌ಪೋರ್ಟು ಸಿಕ್ಕಿದವರು, ಹರಕೆಯ ಚಕ್ಕುಲಿ ಕಟ್ಟು ಹಿಡಿದು ಸರದಿ ಕಾಯುತ್ತಿದ್ದರು. ಬೋಜನ ಮನೆಯವರೂ ಬಂದಿದ್ದರು. ರಶ್ಮಿತಾ ಹೊರಡುವ ಮೊದಲು ಕೈಮುಗಿಯಬೇಕಿತ್ತು. ಪ್ರಾರ್ಥನೆ ಮಾಡಿಸುವ ಉಗ್ಗಪ್ಪ ಸುಕುಮಾರನ ಕೈಯಿಂದ ಎಲೆಯಡಿಕೆ, ಚಕ್ಕುಲಿ ತೆಗೆದುಕೊಂಡು ಕಟ್ಟೆಯಲ್ಲಿಟ್ಟ. ಎಂದಿನ ದೊಡ್ಡ ದನಿಯಲ್ಲಿ ಶುರುಮಾಡಿದ. "ಅಜ್ಜಾ, ಏಳು ಸಮುದ್ರದಾಚೆ ಕಳ್ಳನ ಕೈಗೆ ಹೋದ ಬಂಗಾರವನ್ನು, ಆ ಕಳ್ಳನಿಗೆ ಬುದ್ಧಿ ಕೊಟ್ಟು..."

"ಕಳ್ಳ ಇಲ್ಲ ಉಗ್ಗಪ್ಪಣ್ಣ," ಎಂದ ಸುಕುಮಾರ.

ಉಗ್ಗಪ್ಪ ನಿಲ್ಲಿಸಿ ತಿರುಗಿ ನೋಡಿದ. ಹಿಂದೆ ಜನರ ಮಾತು ನಿಂತಿತು. ಸುಕುಮಾರ ಒಮ್ಮೆ ತಾಯಿಯ ಕಡೆ ನೋಡಿ, ಕಟ್ಟೆಯ ಕಲ್ಲಿನ ಕಡೆ ತಿರುಗಿ, ಒಂದೇ ಉಸಿರಿಗೆ ಹೇಳಿಬಿಟ್ಟ. "ನಾನು ಕುಡಿದಿದ್ದೆ. ಕುಡಿದು ನಾನೇ ಚಟ್ನಿಪುಡಿಯ ಡಬ್ಬದಲ್ಲಿ ಇಟ್ಟದ್ದು. ಪಾಪದವನೊಬ್ಬನ ಹೆಸರು ಹೇಳಿದೆ. ಅವನನ್ನು ಪೊಲೀಸರು ಹಿಡಿದುಕೊಂಡು ಹೋದರು."

ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ನೆಲ ಬಿಡಲಿಲ್ಲ, ಜನ ಬಿಟ್ಟರು. ಹಿಂದಿನಿಂದ ಒಬ್ಬರು ಕಿಸಕ್ಕೆಂದರು, ಅದರ ಹಿಂದೆ ಎಲ್ಲರೂ ನಕ್ಕರು. "ಚಟ್ನಿಪುಡಿಯಲ್ಲಿ ಐದು ಪವನಾ! ರುಚಿ ಹೇಗಿತ್ತು ಮಾರಾಯ?" "ಹೋಗ್ಲಿ ಬಿಡಿ ಸುಕುಮಾರಣ್ಣ, ಮನುಷ್ಯರು ಅಂದ ಮೇಲೆ ಮರೆವು ಉಂಟೇ." ಬೋಜ ಹತ್ತಿರ ಬಂದು ಬೆನ್ನು ತಟ್ಟಿದ. "ಬಂಗಾರ ಸಿಕ್ಕಿತಲ್ಲ, ಮತ್ತೆಂತ ಬೇಕು?" ಉಗ್ಗಪ್ಪ ಕೂಡ ನಗು ತಡೆದುಕೊಂಡು ಪ್ರಾರ್ಥನೆ ಮುಗಿಸಿ ಚಕ್ಕುಲಿ ಮುರಿದು ಹಂಚಿದ. ನಾಲ್ಕು ದಿನ ನಿದ್ದೆಗೆಡಿಸಿದ್ದು ಇಷ್ಟು ಸುಲಭದಲ್ಲಿ ಮುಗಿದದ್ದು ಸುಕುಮಾರನಿಗೆ ಹಿಡಿಸಲಿಲ್ಲ. ಯಾರಾದರೂ ಎರಡು ಬೈದಿದ್ದರೆ ಚೆನ್ನಾಗಿತ್ತು. ಈ ಜನ ಎಲ್ರಾಯ್‌ನ ಪರವಾಗಿ ಇವನನ್ನು ಕ್ಷಮಿಸಿಬಿಡುತ್ತಿದ್ದರು, ಎಲ್ರಾಯ್‌ನನ್ನು ಕೇಳದೆಯೇ.

ನಗದೆ ನಿಂತಿದ್ದವಳು ರಶ್ಮಿತಾ. ಕೈಯಲ್ಲಿದ್ದ ಚಕ್ಕುಲಿ ತುಂಡನ್ನು ತಿನ್ನದೆ ಅವನ ಹತ್ತಿರ ಬಂದಳು.

"ಅವನ ಕೆಲಸ ಹೋಯ್ತಾ ಅಣ್ಣಾ?"

"ಗೊತ್ತಿಲ್ಲ."

"ನೀವು ಕೇಳ್ಲಿಲ್ವಾ?"

ಸುಕುಮಾರ ತನ್ನ ಚಪ್ಪಲಿ ಹುಡುಕತೊಡಗಿದ. ಅವಳು "ನಂಗೆ ಬರುವ ಬುಧವಾರ ಕೊಚ್ಚಿಯಿಂದ ಫ್ಲೈಟು," ಎಂದಷ್ಟೇ ಹೇಳಿ ಅಪ್ಪನ ಹಿಂದೆ ಹೋದಳು.

ಮನೆಗೆ ಬಂದವನು ಅಂಗಿ ಕಳಚಿ, ಮುಂಡನ್ನು ಮೊಣಕಾಲ ಮೇಲಕ್ಕೆತ್ತಿ ಕಟ್ಟಿ, ಅಂಗಳದಲ್ಲಿ ಅತ್ತಿಂದಿತ್ತ ನಡೆದ. ಸಂಜೆ ಆರೂವರೆ. ಅಲ್ಲಿ ಬೆಳಿಗ್ಗೆ ಒಂಬತ್ತು, ರೂಮು ಗುಡಿಸಲು ಬರುವ ಹೊತ್ತು. ವಿಜೇತಾ ಹೋಟೆಲಿನ ನಂಬರು ಬರೆದ ಚೀಟಿಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅವನು ಮೆಟ್ಟಿಲ ಮೇಲೆ ಕೂತು ನಂಬರು ಒತ್ತಿದ.

ಎತ್ತಿದವಳು ಹೋಟೆಲಿನ ಹುಡುಗಿ. ಅವನು ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಹೆಸರು ಹೇಳಿದ, ರೂಮಿನ ನಂಬರು ಹೇಳಿದ, ಸರ ತನ್ನ ಹತ್ತಿರವೇ ಇತ್ತು ಎಂದ. ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದ. ಅವಳಿಗೆ ಮೊದಲ ಸಲವೇ ಅರ್ಥವಾಗಿತ್ತು.

ಎಲ್ರಾಯ್ ಇಲ್ಲಿಲ್ಲ, ಎಂದಳು ಅವಳು. ಪೊಲೀಸರು ಎರಡು ದಿನಕ್ಕೆ ಬಿಟ್ಟರು. ಹೋಟೆಲಿನವರು ಮತ್ತೆ ತೆಗೆದುಕೊಳ್ಳಲಿಲ್ಲ. ಈ ದ್ವೀಪದಲ್ಲಿ ಬೇರೆ ಯಾವ ಹೋಟೆಲಿನವರೂ ತೆಗೆದುಕೊಳ್ಳಲಿಲ್ಲ. ಇನ್ನೊಂದು ದ್ವೀಪಕ್ಕೆ ಹೋಗಿದ್ದಾನೆ, ಬಂದರಿನಲ್ಲಿ ಮೂಟೆ ಹೊರುವ ಕೆಲಸವಂತೆ. ಅವನ ನಂಬರು ತನ್ನ ಬಳಿ ಇಲ್ಲ.

"ಅವನ ತಾಯಿ ಇದ್ದಾರೆ," ಎಂದಳು. "ಇಲ್ಲೇ ಬಟ್ಟೆ ಒಗೆಯುವ ಕಡೆ. ಇಪ್ಪತ್ತು ವರ್ಷದಿಂದ ಇದ್ದಾರೆ. ಅವರ ಹತ್ತಿರ ಮಾತಾಡುತ್ತೀರಾ?"

ಸುಕುಮಾರ ಬೇಡ ಎನ್ನಲು ಬಾಯಿ ತೆರೆದ.

"ಲೈನಿನಲ್ಲೇ ಇರಿ," ಎಂದು ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಯಾರನ್ನೋ ಕೂಗಿದ್ದು ಕೇಳಿಸಿತು. ಯಂತ್ರವೊಂದು ತಿರುಗುವ ಸದ್ದು, ಬಾಗಿಲು ತೆರೆದ ಸದ್ದು. ಆಮೇಲೆ ಚಪ್ಪಲಿ ಎಳೆದುಕೊಂಡು ನಿಧಾನವಾಗಿ ನಡೆದು ಬರುವ ವಯಸ್ಸಾದ ಹೆಜ್ಜೆಗಳು, ಹತ್ತಿರ, ಇನ್ನೂ ಹತ್ತಿರ.

ಸುಕುಮಾರ ಮೆಟ್ಟಿಲಿನಿಂದ ಎದ್ದು ನಿಂತ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಹಿರಿಯರು ಎದುರಿಗೆ ಬಂದಾಗ ಮಾಡುವಂತೆ, ಎತ್ತಿ ಕಟ್ಟಿದ್ದ ಮುಂಡನ್ನು ಎರಡೂ ಕೈಗಳಿಂದ ಬಿಚ್ಚಿ ಪಾದದವರೆಗೆ ಇಳಿಸಿದ.