ನಲವತ್ತು ನಿಮಿಷದ ದಾರಿ

ವಿಮಾನದ ನೆರಳು ಜೋಳದ ಹೊಲಗಳ ಮೇಲೆ ಓಡುತ್ತಿತ್ತು. ಹಳ್ಳ ಬಂದರೆ ಹಳ್ಳ ದಾಟಿ, ಗುಡ್ಡ ಬಂದರೆ ಗುಡ್ಡ ಹತ್ತಿ, ನಮಗಿಂತ ಮೊದಲೇ ಊರು ಸೇರುವ ಹಟ ತೊಟ್ಟಂತಿತ್ತು. ನನ್ನ ತೊಡೆಯ ಮೇಲೆ ಬರ್ಫದ ಡಬ್ಬಿ. ಅದರೊಳಗೆ ಹಾವಿನ ವಿಷಕ್ಕೆ ಕೊಡುವ ಔಷಧಿ. ನಾವು ಇಳಿಯಲಿದ್ದ ಊರಿನ ಆಸ್ಪತ್ರೆಯಲ್ಲಿ ನನ್ನ ಕಾಕಾ ಗುರುಶಾಂತಪ್ಪನವರ ಒಬ್ಬಳೇ ಮಗಳು ನೀಲಾಂಬಿಕೆ ಹಾವು ಕಚ್ಚಿ ಮಲಗಿದ್ದಳು. ಅಲ್ಲಿದ್ದ ಔಷಧಿ ಮುಗಿದಿತ್ತು. ಕೊಟ್ಟದ್ದು ಸಾಲದು, ಮಧ್ಯಾಹ್ನದೊಳಗೆ ಇನ್ನಷ್ಟು ಬೇಕೇ ಬೇಕು ಎಂದಿದ್ದರು ಡಾಕ್ಟರು.

ನಾನಿದ್ದ ಊರಿಗೂ ಅವರ ಊರಿಗೂ ನಡುವೆ ದೊಡ್ಡ ಜಲಾಶಯ, ಅದರಾಚೆ ಘಟ್ಟ. ರಸ್ತೆ ಎರಡನ್ನೂ ಬಳಸಿ ಹೋಗಬೇಕು. ಬೆಳಿಗ್ಗೆ ಹೊರಟರೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನೇರ ಹಾರುವ ವಿಮಾನಕ್ಕೆ ನಲವತ್ತೇ ನಿಮಿಷ.

"ನಲವತ್ತ ನಿಮಿಷ ಕಾಕಾ, ಬಂದಬಿಟ್ಟೆ," ಎಂದು ಫೋನಿನಲ್ಲಿ ಹೇಳಿದ್ದೆ.

"ನಾವು ಅಲ್ಲೇ ನಿಂತಿರ್ತೀವಿ. ಒಂದ ನಿಮಿಷಾನೂ ಹಾಳ ಮಾಡಂಗಿಲ್ಲ," ಎಂದಿದ್ದರು. ಅಲ್ಲೇ ಎಂದರೆ ಎಲ್ಲಿ ಎಂದು ಯಾರು ತಾನೇ ಕೇಳುತ್ತಾರೆ?

ಊರು ಕಂಡಿತು. ಚಕ್ರ ಇಳಿದ ಸದ್ದಾಯಿತು. ಇನ್ನೇನು ನೆಲ ಮುಟ್ಟಬೇಕು, ವಿಮಾನ ಒಮ್ಮೆಲೇ ಮೂಗೆತ್ತಿ ಮೇಲಕ್ಕೆ ಹಾರಿತು. ಪಕ್ಕದ ಅಜ್ಜಿ "ಯಪ್ಪಾ ಶಿವನ!" ಎಂದು ನನ್ನ ಮೊಣಕೈ ಹಿಡಿದಳು. ಗಗನಸಖಿ ಬಂದು, "ರನ್‌ವೇ ಮೇಲೆ ಜನ ಇದ್ದಾರೆ. ಇನ್ನೊಂದು ಸಲ ನೋಡ್ತೀವಿ. ಆಗ್ಲಿಲ್ಲಂದ್ರೆ ವಾಪಸ್ಸು," ಎಂದಳು.

ವಾಪಸ್ಸು! ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ.

ವಿಮಾನ ವಾಲಿ ಸುತ್ತು ಹಾಕಿತು. ನಮ್ಮ ನೆರಳು ಮುರಿದ ಬೇಲಿ ದಾಟಿ ರನ್‌ವೇ ಮೇಲೆ ಹರಿಯಿತು. ಅಲ್ಲೊಂದು ಜೀಪು, ನಾಲ್ಕಾರು ಮಂದಿ. ಎಲ್ಲರಿಗಿಂತ ಮುಂದೆ ಬಿಳಿ ಧೋತರದವರೊಬ್ಬರು ಟವೆಲ್ ಬೀಸುತ್ತಿದ್ದರು. ಕಾಕಾ! ನಮ್ಮ ಕಡೆಯವರಿಗೆ ನಿಲ್ದಾಣದಲ್ಲಿ ಕೂತು ಬಸ್ಸಿಗೆ ಕಾದು ಗೊತ್ತಿಲ್ಲ. ಅರ್ಧ ಫರ್ಲಾಂಗು ಮುಂದೆ ಹೋಗಿ, ನಡುರಸ್ತೆಯಲ್ಲಿ ನಿಂತು, ಟವೆಲ್ ಬೀಸಿ ನಿಲ್ಲಿಸಿದರೇನೇ ಅವರಿಗೆ ಸಮಾಧಾನ.

"ಅವರು ನಮ್ಮವರು! ಔಷಧಿಗೆ ಕಾಯ್ತಿದ್ದಾರೆ, ವಿಮಾನಾನ ನಿಲ್ಲಿಸ್ತಿದ್ದಾರೆ!" ಎಂದು ಕಿರುಚಿದೆ. ಗಗನಸಖಿ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಪೈಲಟ್ ಬಳಿಗೆ ಓಡಿದಳು.

ನಾವು ಮೇಲೇರಿದಷ್ಟೂ ಕಾಕಾ ಜೋರಾಗಿ ಬೀಸುತ್ತಿದ್ದರು. ತಾವು ಕಾಣಲಿಲ್ಲವೆಂದು ತಿಳಿದಿರಬೇಕು. ಮಗಳನ್ನು ಉಳಿಸಲು ಬಂದ ಅಪ್ಪನೇ ಔಷಧಿಗೆ ಅಡ್ಡ ನಿಂತಿದ್ದರು. ಅಂಥ ಹೆದರಿಕೆಯನ್ನು ನಾನು ಮತ್ತೆಂದೂ ಕಂಡಿಲ್ಲ. ಕಿಟಕಿಗೆ ಬಾಯಿಟ್ಟು "ಸರೀರಿ ಕಾಕಾ, ಸರೀರಿ!" ಎಂದು ಕೂಗಿದೆ. ಬರ್ಫ ಕರಗಿ ನನ್ನ ಮೊಣಕಾಲಿಗೆ ಇಳಿಯುತ್ತಿತ್ತು.

ಪೈಲಟ್ ಅವರನ್ನು ಚದುರಿಸಲೆಂದೇ ಮತ್ತೊಮ್ಮೆ ತಗ್ಗಿನಲ್ಲಿ ಬಂದ. ಉಳಿದವರು ಜೀಪು ಹತ್ತಿ ಓಡಿದರು; ಕಾಕಾ ಕದಲಲಿಲ್ಲ. ಆಗ ಪಕ್ಕದಿಂದ ಕೆಂಪು ಸೀರೆಯೊಂದು ನುಗ್ಗಿ ಬಂದು, ಅವರ ಧೋತರಕ್ಕೇ ಕೈ ಹಾಕಿ, ಹುಲ್ಲಿಗೆ ಎಳೆದು ಕೆಡವಿತು. ನಮ್ಮ ಚಿಗವ್ವ, ಕಾಕಾನ ಹೆಂಡತಿ. ದಾರಿ ತೆರವಾದದ್ದು ಕಂಡು ಪೈಲಟ್ ವಾಪಸ್ಸು ತಿರುಗಲಿಲ್ಲ; ಮುಂದಿನ ಸುತ್ತಿಗೆ ಚಕ್ರ ನೆಲ ಮುಟ್ಟಿತು.

ಡಬ್ಬಿ ಹೊತ್ತು ಜೀಪು ಆಸ್ಪತ್ರೆಯ ಕಡೆ ಹಾರಿತು. ಕಾವಲುಗಾರನೊಬ್ಬ ಕಾಕಾನ ರಟ್ಟೆ ಹಿಡಿದು ನಿಂತಿದ್ದ. ಕಾಕಾ ನನ್ನ ಕಡೆ ತಿರುಗಿದರು.

"ಔಷಧಿ ಲಗೂನ ಇಸ್ಕೊಳ್ಳಾಕ ನಿಂತಿದ್ನೋ ತಮ್ಮಾ. ನಾನ... ನಾನ ಅಡ್ಡ ನಿಂತಿದ್ನ್ಯಾ?"

ನಾನು ಅವರ ಧೋತರಕ್ಕೆ ಹತ್ತಿದ್ದ ಹುಲ್ಲು ಝಾಡಿಸಿದೆ.

ನೀಲಾಂಬಿಕೆ ಉಳಿದಳು. ಅಪ್ಪ ವಿಮಾನಕ್ಕೆ ಟವೆಲ್ ಬೀಸಿದ ಕತೆಯನ್ನು ತನ್ನ ಮಕ್ಕಳಿಗೆ ನಕ್ಕು ನಕ್ಕು ಹೇಳುತ್ತಾಳೆ. ಕಾಕಾ ನಗುವುದಿಲ್ಲ. ಅಂಗಳದ ನಡುವೆ ಕೂತವರು, ಮುಗಿಲಿನಲ್ಲಿ ವಿಮಾನದ ಸದ್ದಾದರೆ ಸಾಕು, ಕುರ್ಚಿ ಎತ್ತಿಕೊಂಡು ಗೋಡೆಯ ಬದಿಗೆ ಸರಿದು ನಿಲ್ಲುತ್ತಾರೆ.